ಎಲೆ ತುದಿಯಲ್ಲಿ ಉಪ್ಪಿನ ಬದಲು ಮಾತ್ರೆ: ನನ್ನ ಅನುಭವ

"ವಾರಕ್ಕೆ ಎರಡೇ ಸಲ ಬರೋರಿಗೆ ಫಾಸ್ಫರಸ್ ಇಳಿಸ್ತೀರಾ? ಆಗದ ಮಾತು." ಎರಡು ವರ್ಷದ ಹಿಂದೆ ಹೀಗಂದ ಡಯಾಲಿಸಿಸ್ ಟೆಕ್ನಿಷಿಯನ್ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಿಡ್ನಿ ಕೆಟ್ಟವರಲ್ಲಿ ಊಟದ ಫಾಸ್ಫರಸ್ ರಕ್ತದಲ್ಲೇ ಉಳಿಯುತ್ತದೆ, ಡಯಾಲಿಸಿಸ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಜಾಸ್ತಿಯಾದರೆ ಕ್ಯಾಲ್ಸಿಯಂ ಜೊತೆ ಸೇರಿ ರಕ್ತನಾಳದ ಗೋಡೆಗೆ ಸುಣ್ಣದ ಹಾಗೆ ಕಟ್ಟುತ್ತದೆ.

ನಮ್ಮದು ತಾಲ್ಲೂಕು ಡಯಾಲಿಸಿಸ್ ಯೂನಿಟ್. 5 ಮೆಷಿನ್, 28 ಜನ. ಅವರಲ್ಲಿ ಒಬ್ಬ ಟೈಲರ್, ವಯಸ್ಸು 42 ಇರಬೇಕು. ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡುವ ಫಿಸ್ಟುಲಾ ಕೆಟ್ಟು ಇನ್ನೊಂದು ಕೈಗೆ ಮಾಡಿಸುವಾಗ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದ್ದರು. ಮೂಳೆಯ ಪಕ್ಕ ರಕ್ತನಾಳವೂ ಬೆಳ್ಳಗೆ, ಎರಡು ದಾರ ಎಳೆದ ಹಾಗೆ ಕಾಣುತ್ತಿತ್ತು. ಬಿಪಿ ಯಾವಾಗಲೂ 200/70ರ ಹತ್ತಿರ. ಐದು ತಿಂಗಳಲ್ಲಿ ಹೃದಯ ನಿಂತು ಹೋದರು. ಆ ಫಿಲ್ಮ್ ಇನ್ನೂ ಕಣ್ಣ ಮುಂದಿದೆ.

ಆಮೇಲೆ ಡಾಕ್ಟರನ್ನು ಒಪ್ಪಿಸಿ ಎಲ್ಲರಿಗೂ ಹೊಟ್ಟೆಯ ಪಕ್ಕದಿಂದ ಒಂದೊಂದು ಎಕ್ಸ್‌ರೇ ತೆಗೆಸಿದೆವು. ಸಿಟಿ ಸ್ಕ್ಯಾನ್‌ಗೆ ಸಾವಿರಗಟ್ಟಲೆ ಬೇಕಿತ್ತು, ಇದಕ್ಕೆ 250 ರೂಪಾಯಿ ಸಾಕಾಯಿತು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಬೆನ್ನುಮೂಳೆಯ ಮುಂದೆ ಮಹಾಧಮನಿಯ ಗೋಡೆಗೆ ಸುಣ್ಣ ಕಟ್ಟಿತ್ತು.

ಮೊದಲು ಪಥ್ಯದ ಚೀಟಿ ಹಂಚಿದೆ. ಪ್ರಿಂಟಿಗೆ ಕೈಯಿಂದ ಮೂರು ಸಾವಿರ ಹೋಯಿತು, ರಕ್ತದ ಫಾಸ್ಫರಸ್ 7.5ರಿಂದ (mg/dL ಲೆಕ್ಕ; ನಮ್ಮ ಗುರಿ 5.5ರ ಕೆಳಗೆ) ಅಲ್ಲಾಡಲಿಲ್ಲ. ಆಮೇಲೆ ಡಾಕ್ಟರು ಸೆವೆಲಾಮರ್ ಬರೆದರು, ಊಟದ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಮೈಗೆ ಸೇರದಂತೆ ತಡೆಯುವ ಮಾತ್ರೆ. ಎರಡು ತಿಂಗಳು ಚೆನ್ನಾಗಿ ಇಳಿಯಿತು. ಮೂರನೇ ತಿಂಗಳು ಯಾರೂ ಕೊಳ್ಳಲಿಲ್ಲ. ತಿಂಗಳಿಗೆ ಎರಡು ಸಾವಿರದ ಹತ್ತಿರ ಆಗುತ್ತಿತ್ತು, ಕೂಲಿ ಮಾಡೋರು ಎಲ್ಲಿಂದ ತರಬೇಕು? ಮತ್ತೆ ಅದೇ ಕೆಲಸ ಮಾಡುವ ಅಗ್ಗದ ಮಾತ್ರೆ ಕ್ಯಾಲ್ಸಿಯಂ ಅಸಿಟೇಟ್‌ಗೇ ಬಂದೆವು. ಫಾಸ್ಫರಸ್ ಮತ್ತೆ ಏರಿತು.

ಒಂದು ದಿನ ಒಬ್ಬ ಯಜಮಾನರ ಹೆಂಡತಿ ಸುಮ್ನೆ ಮಾತಿಗೆ ಅಂದರು: "ಎಲ್ಲಾ ಮಾತ್ರೆನೂ ಬೆಳಗ್ಗೆ ಕಾಫಿ ಜೊತೆ ಒಂದೇ ಸಲ ಕೊಟ್ಬಿಡ್ತೀನಿ ಸಾರ್, ಮರೀಬಾರದಲ್ವಾ." ನನಗೆ ಎದೆ ಧಸಕ್ ಅಂತು. ಖಾಲಿ ಹೊಟ್ಟೆಗೆ ಹಾಕಿದರೆ ಅದು ಹಿಡಿಯುವುದಕ್ಕೆ ಫಾಸ್ಫರಸ್ಸೇ ಇರುವುದಿಲ್ಲ. ಕ್ಯಾಲ್ಸಿಯಂ ಮಾತ್ರ ಮೈಗೆ ಸೇರುತ್ತದೆ, ಅದೂ ಊಟದ ಜೊತೆ ಸೇರುವುದಕ್ಕಿಂತ ಜಾಸ್ತಿ. ಸುಣ್ಣ ತಡೆಯಲು ಕೊಟ್ಟ ಮಾತ್ರೆಯೇ ಸುಣ್ಣ ಆಗುತ್ತಿತ್ತು. ಉಳಿದವರನ್ನೂ ಕೇಳಿದೆ. ಹತ್ತೊಂಬತ್ತೋ ಇಪ್ಪತ್ತೋ ಜನ ಹಾಗೇ ನುಂಗುತ್ತಿದ್ದರು.

"ಊಟದ ಜೊತೆ" ಅಂತ ನೂರು ಸಲ ಹೇಳಿದರೂ ಮರೆಯುತ್ತಾರೆ. ಅದಕ್ಕೆ ಮನೆಯವರನ್ನು ಹಿಡಿದೆ. ಎಲೆ ತುದಿಗೆ ಮೊದಲು ಉಪ್ಪು ಬಡಿಸುತ್ತೇವಲ್ಲ, ಆ ಜಾಗದಲ್ಲಿ ಮಾತ್ರೆ ಇಡಿ ಅಂದೆ. ಹೇಗೂ ಇವರಿಗೆ ಉಪ್ಪು ಬೇಡ. ನಾಲ್ಕು ತುತ್ತು ಉಂಡ ಮೇಲೆ ನುಂಗಬೇಕು. ಊಟ ಇಲ್ಲದಿದ್ದರೆ ಮಾತ್ರೆಯೂ ಇಲ್ಲ. ಡಾಕ್ಟರು ಒಟ್ಟು ಮಾತ್ರೆ ಹೆಚ್ಚಿಸದೆ, ದೊಡ್ಡ ಊಟಕ್ಕೆ ಜಾಸ್ತಿ, ತಿಂಡಿಗೆ ಕಡಿಮೆ ಮಾಡಿ ಹಂಚಿಕೊಟ್ಟರು. ತಿಂಗಳ ಖರ್ಚು 400 ದಾಟಲಿಲ್ಲ. ನಾಲ್ಕು ತಿಂಗಳಲ್ಲಿ ಹದಿನೆಂಟು ಜನ 5.5ರ ಕೆಳಗೆ ಬಂದರು. ನಮ್ಮ ಸುತ್ತಲಿನ ಯಾವ ಯೂನಿಟ್‌ನಲ್ಲೂ ಇಷ್ಟು ಇಳಿದಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಹುಡುಗರಿಗೆ ಕೋಲಾ (ಅದರಲ್ಲೂ ಫಾಸ್ಫರಸ್ ಇದೆ) ಬಿಡಿಸಿದ್ದು ಬೇರೆ ಉಪಾಯದಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ, ಯೂನಿಟ್‌ಗೆ ಬಂದರೆ ತೋರಿಸುತ್ತೇನೆ. ಬೇಳೆ ಬೇಯಿಸಿ ಕಟ್ಟು ಬಸಿದು ಹೊಸ ನೀರಲ್ಲಿ ಸಾರು ಮಾಡುವುದನ್ನೂ ಮನೆಯಲ್ಲೇ ಮಾಡಿ ನೋಡಿದೆ. ಫಾಸ್ಫರಸ್ಸೂ ಪೊಟ್ಯಾಶಿಯಮ್ಮೂ ಒಂದಿಷ್ಟು ನೀರಿನ ಜೊತೆ ಹೋಗುತ್ತವೆ, ಆದರೆ ರುಚಿಯೂ ಹೋಗುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿ ಹಾಕಿದ ಮೇಲೆ ಜನ ಒಪ್ಪಿದರು.

ಒಂದು ಕಡೆ ಎಡವಿದೆ. ಒಬ್ಬ ಅಜ್ಜಿಯ ಫಾಸ್ಫರಸ್ 3ಕ್ಕೆ ಇಳಿದಾಗ ಖುಷಿಪಟ್ಟೆ. ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ನೋಡಿದರೆ ಅದೂ ಕುಸಿದಿತ್ತು. ಅಜ್ಜಿ ಭಯಕ್ಕೆ ಊಟವನ್ನೇ ಬಿಟ್ಟಿದ್ದರು. ಅಂದಿನಿಂದ ಎರಡು ರಿಪೋರ್ಟನ್ನೂ ಒಟ್ಟಿಗೆ ಇಟ್ಟೇ ಓದುತ್ತೇನೆ.

ಕಟ್ಟಿದ ಸುಣ್ಣ ಕರಗಿಲ್ಲ. ವರ್ಷದ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದಾಗ ನಾಲ್ವರಿಗೆ ಹೆಚ್ಚಾಗಿತ್ತು, ಉಳಿದವರಲ್ಲಿ ಗೆರೆ ಹಾಗೇ ಇತ್ತು. ಆ ನಾಲ್ವರ ಡಯಾಲಿಸೇಟ್‌ನಲ್ಲಿ (ಮೆಷಿನ್‌ನಲ್ಲಿ ರಕ್ತ ಶುದ್ಧ ಮಾಡುವ ದ್ರಾವಣ) ಕ್ಯಾಲ್ಸಿಯಂ 1.75ರಿಂದ 1.5 mmol/Lಗೆ ಇಳಿಸಿ ಅಂತ ಡಾಕ್ಟರು ಬರೆದಿದ್ದಾರೆ. ಆ ದ್ರಾವಣದ ಕ್ಯಾನು ಬರುವುದನ್ನೇ ಕಾಯುತ್ತಿದ್ದೇವೆ.