ಫ್ಯಾನ್ ಆರಿಸಿದ ಮೇಲೆ

ಕಾಲೇಜಿನ ಮೊದಲ ವಿಡಿಯೊ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಗ್ರಂಥಾಲಯದ ಹಿರಿಯರೊಬ್ಬರನ್ನು. ಮೊಬೈಲನ್ನು ಟ್ರೈಪಾಡಿಗೆ ಸಿಕ್ಕಿಸಿ ಅರ್ಧ ಗಂಟೆ ಮಾತನಾಡಿಸಿದೆ, ಕೆಲಸ ಮುಗಿಯಿತೆಂದು ಹೊರಟೆ. ಎಡಿಟಿಂಗ್‌ಗೆ ಕುಳಿತು ಹೆಡ್‌ಫೋನ್ ಹಾಕಿಕೊಂಡರೆ, ಅವರ ಮಾತಿಗಿಂತ ತಲೆಯ ಮೇಲಿನ ಫ್ಯಾನಿನ ಸದ್ದೇ ಜೋರು. ಬೆನ್ನ ಹಿಂದೆ ಕಿಟಕಿ ಇದ್ದುದರಿಂದ ಮುಖವೂ ಕಪ್ಪು. ವಾರದ ನಂತರ ಮುಖ ಸಣ್ಣದು ಮಾಡಿಕೊಂಡು ಮತ್ತೆ ಅವರ ಮುಂದೆ ನಿಂತೆ.

ಎರಡನೆಯ ಸಲ ಎಲ್ಲಕ್ಕಿಂತ ಮೊದಲು ಫ್ಯಾನ್ ಆರಿಸಿ, ಧ್ವನಿ ನೋಡಿಕೊಂಡೆ. ಚಿತ್ರ ತುಸು ಮಂಕಾಗಿದ್ದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೈಕ್ ಕೊಳ್ಳಲಿಲ್ಲ. ಗೆಳೆಯನ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡರ್ ಆನ್ ಮಾಡಿ, ಅವರ ಮುಂದಿನ ಮೇಜಿನ ಮೇಲೆ ಫ್ರೇಮಿನಿಂದ ಸ್ವಲ್ಪವೇ ಹೊರಗೆ ಇಟ್ಟೆ. ಅದರ ಅಡಿಯಲ್ಲಿ ಮಡಚಿದ ಕರವಸ್ತ್ರ. ಅದಿಲ್ಲದಿದ್ದರೆ ಮೇಜಿಗೆ ಬೆರಳು ತಗುಲಿದರೂ ಗುದ್ದಿದಂತೆ ಕೇಳಿಸುತ್ತದೆ. ಎರಡೂ ಮೊಬೈಲ್ ಓಡುತ್ತಿರುವಾಗ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿದೆ. ಎಡಿಟಿಂಗ್‌ನಲ್ಲಿ ಎರಡೂ ಧ್ವನಿಪಟ್ಟಿಗಳಲ್ಲಿ ಚೂಪಾಗಿ ಎದ್ದ ಆ ಗೆರೆಯನ್ನು ಒಂದರ ಕೆಳಗೊಂದು ಹೊಂದಿಸಿದರೆ ತುಟಿ, ಮಾತು ಕೂಡಿಕೊಳ್ಳುತ್ತವೆ.

ಬೆಳಕಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿ, ಲೆನ್ಸ್ ಒರೆಸಿ, ಪರದೆಯಲ್ಲಿ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಎರಡನ್ನೂ ಲಾಕ್ ಮಾಡಿದೆ. ಲಾಕ್ ಮಾಡದಿದ್ದರೆ ಅವರು ಮುಂದೆ ಬಾಗಿದಾಗಲೆಲ್ಲ ಬೆಳಕು ಏರಿಳಿಯುತ್ತದೆ. ಟ್ಯೂಬ್‌ಲೈಟ್ ಇದ್ದರೆ ಮಾತ್ರ ಇನ್ನೊಂದು ತಾಪತ್ರಯ: 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಹರಿದಾಡಬಹುದು.

ನಿಜವಾದ ಸುಖ ಸಿಕ್ಕಿದ್ದು ಅವರ ಕೈಗಳನ್ನು ಚಿತ್ರಿಸುವಾಗ. ಮೊದಲ ಸಲ ನಾನು ಕ್ಯಾಮೆರಾವನ್ನು ಕಪಾಟಿನಿಂದ ಕಪಾಟಿಗೆ ಭಕ್ತಿಯಿಂದ ತಿರುಗಿಸಿದ್ದೆ, ಆ ಶಾಟ್‌ಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಈ ಸಲ ಕ್ಯಾಮೆರಾ ಅಲ್ಲಾಡಿಸದೆ, ಜೂಮ್ ಮುಟ್ಟದೆ, ಹತ್ತಿರ ಬೇಕೆನಿಸಿದಾಗ ನಾನೇ ಹತ್ತಿರ ಹೋದೆ. ಸೂಜಿಯ ಕಣ್ಣಿಗೆ ಮೇಣ ಸವರಿದ ದಾರ, ಪುಸ್ತಕದ ಬೆನ್ನಿಗೆ ಅಂಟು ಬಳಿಯುವ ಬ್ರಷ್, ಮಡಿಕೆಯನ್ನು ಉಗುರಿನಿಂದ ಒತ್ತುವ ಹೆಬ್ಬೆರಳು, ಅದನ್ನೇ ನೋಡುತ್ತಿರುವ ಅವರ ಕಣ್ಣು. ಒಂದೊಂದನ್ನೂ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಹಿಡಿದೆ. ಕೆಲಸ ನಿಂತ ಮೇಲೂ ಕ್ಯಾಮೆರಾ ನಿಲ್ಲಿಸಲಿಲ್ಲ. ಕತ್ತರಿ ಹಾಕಲು ಜಾಗ ಸಿಗುವುದು ಆ ಕೊನೆಯ ಎರಡು ಮೂರು ಸೆಕೆಂಡುಗಳಲ್ಲೇ. ಮಾತಿನ ನಡುವೆ ತಡವರಿಸಿದ್ದನ್ನು ತೆಗೆದುಹಾಕಿ, ಚಿತ್ರ ಜಿಗಿಯುವ ಜಾಗದ ಮೇಲೆ ಈ ಕೈಗಳನ್ನು ಹೊದಿಸಿದರೆ ಬೆಸುಗೆ ಯಾರಿಗೂ ಕಾಣುವುದಿಲ್ಲ. ಅಂಟು ಮತ್ತೊಮ್ಮೆ ಬಳಿಯಿರಿ ಎಂದು ಕೇಳಿದ್ದಕ್ಕೆ, “ಅಂಟಿಸಿದ್ದನ್ನು ಕೀಳುವ ಹಾಗಿಲ್ಲ, ಇನ್ನೊಂದು ಪುಸ್ತಕ ತರುತ್ತೇನೆ ಇರು” ಎಂದು ಎದ್ದು ಹೋದರು.

ಉಳಿದದ್ದು ಒಂದೇ. ಯಾರೂ ಮಾತನಾಡದ ಕೋಣೆಗೂ ತನ್ನದೇ ಒಂದು ಸದ್ದು ಇರುತ್ತದೆ. ಕೆಮ್ಮನ್ನು ಕತ್ತರಿಸಿದ ಜಾಗವನ್ನು ಖಾಲಿ ಬಿಟ್ಟರೆ ಕಿವಿಗೆ ಗುಂಡಿಯೊಳಗೆ ಬಿದ್ದಂತಾಗುತ್ತದೆ, ಆ ಸದ್ದನ್ನೇ ತುಂಬಬೇಕು. ಅದನ್ನು ರೆಕಾರ್ಡ್ ಮಾಡಿಕೊಳ್ಳಲು ಎಲ್ಲರೂ ಸುಮ್ಮನೆ ಕೂರಬೇಕಾಗಿತ್ತು. ಅಷ್ಟರಲ್ಲಿ ಹಣೆಯ ಬೆವರು ಒರೆಸಿಕೊಳ್ಳುತ್ತ ಅವರು ಕೇಳಿದರು: “ಈಗಲಾದರೂ ಫ್ಯಾನ್ ಹಾಕಬಹುದೇನಪ್ಪ?”

“ಇನ್ನು 30 ಸೆಕೆಂಡು, ಸರ್” ಎಂದೆ.