ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಗೊರಗೊರ ಅನ್ನುತ್ತಿದೆಯಾ? ಗ್ಯಾಸ್ ಗೀಸರ್ ಇರುವ ಮನೆಯವರು ಇದನ್ನು ಓದಿ

ಹನುಮಂತನಗರದ ನಮ್ಮ ಹಳೇ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇತ್ತು. ಅದರ ಪಕ್ಕದ ಗೋಡೆಯಲ್ಲಿ ಅಷ್ಟೇ ಹಳೆಯದೊಂದು ಎಕ್ಸಾಸ್ಟ್ ಫ್ಯಾನ್. ಡಿಸೆಂಬರ್ ಚಳಿ ಶುರುವಾದಾಗ ಫ್ಯಾನ್ ಗೊರಗೊರ ಅನ್ನತೊಡಗಿತು. ಅಮ್ಮ ಬೆಳಗ್ಗೆ ಐದೂವರೆಗೇ ಸ್ನಾನಕ್ಕೆ ಹೋಗುವವರು. ಮಕ್ಕಳಿಗೆ ಎಚ್ಚರವಾಗುತ್ತೆ ಅಂತ ಅವರು ಫ್ಯಾನ್ ಹಾಕುವುದನ್ನೇ ಬಿಟ್ಟರು. ಎರಡು ದಿನ ಬಿಟ್ಟು, "ಯಾಕೋ ತಲೆ ಸುತ್ತುತ್ತೆ ಕಣೋ, ಪಿತ್ತ ಇರಬೇಕು" ಅಂದರು. ನನಗೆ ಭಯವಾಗಿದ್ದು ಆಗಲೇ.

ಗ್ಯಾಸ್ ಉರಿಯಲು ಗಾಳಿ ಸಾಲದೇ ಹೋದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇಕಂತಲೇ ಸೇರಿಸಿದ್ದು, ಇದರಲ್ಲಿ ಅದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಇಷ್ಟೇ ಸುಳಿವು, ಅದನ್ನೇ ನಾವು ಪಿತ್ತ ಅಂತ ಶುಂಠಿ ಕಷಾಯ ಕುಡಿದು ಸುಮ್ನಾಗುತ್ತೇವೆ. ಹಾಗಾಗಿ ಮೊದಲ ಮಾತು: ಸದ್ದು ಅಂತ ಫ್ಯಾನ್ ಆರಿಸಿ ಗೀಸರ್ ಹಚ್ಚಬೇಡಿ. ಫ್ಯಾನ್ ರಿಪೇರಿ ಆಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಸ್ನಾನದ ನಡುವೆ ತಲೆ ಸುತ್ತಿದರೆ ತಕ್ಷಣ ಬಾಗಿಲು ತೆಗೆದು ಹೊರಗೆ ಬನ್ನಿ, ಡಾಕ್ಟರ್ ಹತ್ತಿರ ಹೋದಾಗ ಗ್ಯಾಸ್ ಗೀಸರ್ ವಿಷಯ ಹೇಳಿ.

ಈಗ ಸದ್ದಿನ ವಿಷಯ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಿವಿ ಕೊಡಿ. ಫ್ಯಾನ್ ಪೂರ್ತಿ ಸ್ಪೀಡಿಗೆ ಬಂದ ಮೇಲೆ ಸ್ವಿಚ್ ಆರಿಸಿ, ರೆಕ್ಕೆ ತಾನಾಗಿ ತಿರುಗಿ ನಿಲ್ಲುವವರೆಗೆ ಕೇಳಿಸಿಕೊಳ್ಳಿ. ಸ್ವಿಚ್ ಆರಿಸಿದ ಕ್ಷಣವೇ ಸದ್ದು ನಿಂತರೆ ಅದು ಕರೆಂಟಿಗೆ ಸಂಬಂಧಿಸಿದ ಗುಂಯ್‌ಗುಟ್ಟುವಿಕೆ. ರೆಕ್ಕೆ ನಿಧಾನವಾಗುತ್ತಾ ಸದ್ದೂ ನಿಧಾನವಾಗಿ ಇಳಿದರೆ, ಎಲ್ಲೋ ಏನೋ ಉಜ್ಜುತ್ತಿದೆ ಅಥವಾ ಸಡಿಲವಾಗಿದೆ ಅಂತ ಅರ್ಥ. ಇದೊಂದೇ ಪರೀಕ್ಷೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ನಮ್ಮದು ಎರಡನೇ ಥರದ್ದು.

ಮುಂದಿನದಕ್ಕೆ ಕರೆಂಟ್ ಪೂರ್ತಿ ತೆಗೆಯಬೇಕು. ಸ್ವಿಚ್ ಆರಿಸಿದರೆ ಸಾಲದು, ಮೀಟರ್ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಪೂರ್ತಿ ತೆಗೆಯುವ ಎಂಸಿಬಿ ಕೆಳಗಿಳಿಸಿ. ಹಳೇ ಮನೆಗಳ ವೈರಿಂಗ್‌ನಲ್ಲಿ ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಅನ್ನು ಸ್ವಿಚ್‌ಗೆ ಕೊಟ್ಟಿರುವುದುಂಟು, ಆಗ ಸ್ವಿಚ್ ಆರಿದ್ದರೂ ಫ್ಯಾನ್‌ನಲ್ಲಿ ಕರೆಂಟ್ ಇರುತ್ತದೆ. ಒದ್ದೆ ನೆಲದ ಮೇಲೆ, ಅಲ್ಯೂಮಿನಿಯಂ ಏಣಿ ಹತ್ತಿ ಈ ಕೆಲಸ ಬೇಡ.

ಕೈಯಿಂದ ರೆಕ್ಕೆ ತಿರುಗಿಸಿ. ಒಂದೇ ಜಾಗದಲ್ಲಿ ಟಕ್ ಅಂದರೆ ರೆಕ್ಕೆ ಎಲ್ಲೋ ತಾಗುತ್ತಿದೆ. ಬೆಂಗಳೂರಿನಲ್ಲಿ ಮೊದಲು ಅನುಮಾನಪಡಬೇಕಾದದ್ದು ಪಾರಿವಾಳದ ಮೇಲೆ. ಹೊರಗಿನ ಜಾಲರಿಯಲ್ಲಿ ಪುಕ್ಕ, ಕಡ್ಡಿ ಸಿಕ್ಕಿರುತ್ತದೆ. ಅಪಾರ್ಟ್‌ಮೆಂಟಿನ ಡಕ್ಟ್ ಕಡೆಗೆ ತೆರೆಯುವ ಫ್ಯಾನ್ ಆದರೆ ಗೂಡೇ ಇದ್ದರೂ ಇರಬಹುದು. ಗಾಳಿ ಬೀಸಿದಾಗ ಮಾತ್ರ ಟಪಟಪ ಅಂದರೆ ಹೊರಗಿನ ಮುಚ್ಚಳದ ಪಟ್ಟಿಗಳು. ಇಡೀ ಫ್ರೇಮ್ ಗಡಗಡ ಅಂದರೆ ಗೋಡೆಯ ಸ್ಕ್ರೂ ಸಡಿಲ, ಹಳೇ ಗಾರೆಯಲ್ಲಿ ಹಿಡಿತ ಹೋಗಿರುತ್ತದೆ, ಹೊಸ ಪ್ಲಗ್ ಹೊಡೆಯಬೇಕು.

ರೆಕ್ಕೆ ಬಿಚ್ಚಿ ಒರೆಸುವ ಮೊದಲು ಬೆರಳಿನಿಂದ ಒಮ್ಮೆ ಸವರಿ ನೋಡಿ. ದಯವಿಟ್ಟು ಇದನ್ನು ಮಾತ್ರ ಬಿಡಬೇಡಿ. ಬೂದು ಬಣ್ಣದ ಅಂಟಂಟು ಧೂಳಾದರೆ ಅದು ಆವಿ, ಸೋಪು, ಕೂದಲು ಸೇರಿದ ಕೊಳೆ. ಸೋಪಿನ ನೀರಲ್ಲಿ ಹೋಗುತ್ತದೆ. ನಮ್ಮ ಫ್ಯಾನ್‌ನ ರೆಕ್ಕೆ ಸವರಿದಾಗ ಬೆರಳ ತುದಿಗೆ ಬಂದದ್ದು ಕಾಡಿಗೆಯಂಥ ಒಣ ಕಪ್ಪು. ಮಸಿ. ಅಂದರೆ ಗೀಸರ್‌ನಲ್ಲಿ ಗ್ಯಾಸ್ ಸರಿಯಾಗಿ ಉರಿಯುತ್ತಿರಲಿಲ್ಲ. ಗೀಸರ್‌ನ ಕಿಂಡಿಯಲ್ಲಿ ಇಣುಕಿದರೆ ಜ್ವಾಲೆ ನೀಲಿಯಾಗಿ ನೆಟ್ಟಗಿರಬೇಕು, ನಮ್ಮದು ಹಳದಿಯಾಗಿ ಓಲಾಡುತ್ತಿತ್ತು. ಬರ್ನರ್‌ಗೆ ಧೂಳು ಕಟ್ಟಿದರೆ ಹೀಗಾಗುತ್ತದೆ. ಸಿಲಿಂಡರ್‌ನಿಂದ ಪೈಪ್ ಗ್ಯಾಸಿಗೆ ಬದಲಾದ ಮನೆಗಳಲ್ಲಿ ಗೀಸರ್‌ನ ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ತುಂಡು) ಬದಲಿಸದಿದ್ದರೂ ಉರಿ ಕೆಡುತ್ತದೆ. ಗೀಸರ್ ಒಳಗಿನದಕ್ಕೆ ನೀವು ಕೈ ಹಾಕಬೇಡಿ, ಸರ್ವಿಸ್‌ನವರನ್ನೇ ಕರೆಯಿರಿ. ಗ್ಯಾಸ್ ವಾಸನೆ ಬಂದರಂತೂ ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು ಅಡುಗೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ರೆಕ್ಕೆ ಶುಚಿಯಾದ ಮೇಲೂ ಗೊರಗೊರ ಇದ್ದರೆ ಮೋಟಾರ್‌ನ ಶಾಫ್ಟ್ ಹಿಡಿದು ಅಲ್ಲಾಡಿಸಿ. ಬೆಳಗ್ಗೆ ಹಾಕಿದಾಗ ಕಿರುಗುಟ್ಟಿ ಐದು ನಿಮಿಷಕ್ಕೆ ಸುಮ್ಮನಾಗುವ ಫ್ಯಾನ್‌ಗೆ ಸಾಮಾನ್ಯವಾಗಿ ಬುಷ್ (ಶಾಫ್ಟ್ ಕೂತು ತಿರುಗುವ ಲೋಹದ ಬಳೆ) ಒಣಗಿರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಶಾಫ್ಟ್ ಬುಡಕ್ಕೆ ಬಿಟ್ಟು, ಕೈಯಲ್ಲಿ ಇಪ್ಪತ್ತು ಸುತ್ತು ತಿರುಗಿಸಿ. ಕೊಬ್ಬರಿ ಎಣ್ಣೆ ಹಾಕಲೇಬೇಡಿ, ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಶಾಫ್ಟ್ ಅತ್ತಿತ್ತ ಲೊಡಲೊಡ ಅಂದರೆ ಬುಷ್ ಸವೆದಿದೆ, ಎಣ್ಣೆ ನಾಲ್ಕು ದಿನದ ಮಾತು. ಬೇರಿಂಗ್ ಇರುವ ಮೋಟಾರ್ ಆದರೆ ತಿರುಗಿಸುವಾಗ ಮರಳು ಅರೆದ ಹಾಗೆ ಕೈಗೆ ಗೊತ್ತಾಗುತ್ತದೆ. ಬೇರಿಂಗ್ ಮೇಲೆಯೇ ನಂಬರ್ ಕೆತ್ತಿರುತ್ತದೆ; ಹಳೆಯದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ, ಬಾಯಲ್ಲಿ ವಿವರಿಸುವ ಕಷ್ಟ ಬೇಡ.

ಗುಂಯ್ ಅನ್ನುತ್ತಾ ನಿಧಾನವಾಗಿ ಏಳುವ, ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವ ಫ್ಯಾನ್‌ದು ಹೆಚ್ಚಾಗಿ ಕೆಪಾಸಿಟರ್ (ಮೋಟಾರ್ ತಿರುಗಲು ಶುರುಮಾಡಿಸುವ ಸಣ್ಣ ಡಬ್ಬಿ) ದೋಷ. ಅದರ ಮೇಲೆ ಬರೆದಿರುವ ಅಳತೆಯದ್ದನ್ನೇ ಹಾಕಿಸಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಎಲ್ಲ ಜೋಡಿಸಿದ ಮೇಲೆ ಸದ್ದು ಹೋಯಿತು ಅಂತ ನಿಲ್ಲಿಸಬೇಡಿ, ಗಾಳಿ ಎಳೆಯುತ್ತಿದೆಯಾ ನೋಡಿ. ಸಿಲಿಂಡರ್ ಬಂದ್ ಮಾಡಿ, ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಗಿಲು ಮುಚ್ಚಿ ಒಂದು ಊದುಬತ್ತಿ ಹಚ್ಚಿ. ಹೊಗೆ ನೇರ ಫ್ಯಾನ್ ಕಡೆಗೆ ಓಡಬೇಕು. ನಮ್ಮಲ್ಲಿ ಹೊಗೆ ಅಲ್ಲೇ ಸುಳಿಯುತ್ತಿತ್ತು. ಬಾಗಿಲು ಎರಡು ಬೆರಳು ತೆರೆದ ಕೂಡಲೇ ಸರ್ರನೆ ಹೊರಟಿತು. ಒಳಗೆ ಬರಲು ಗಾಳಿಗೆ ದಾರಿ ಇಲ್ಲದಿದ್ದರೆ ಎಷ್ಟು ಜೋರು ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ ಅಲ್ವಾ? ಗೀಸರ್‌ಗೆ ಹೊಗೆ ಕೊಳವೆ ಇದ್ದರೆ ಇನ್ನೂ ಕಷ್ಟ, ಫ್ಯಾನ್ ಆ ಹೊಗೆಯನ್ನೇ ವಾಪಸ್ ಒಳಗೆ ಎಳೆಯಬಹುದು. ನಾವು ಬಾಗಿಲಿನ ಕೆಳಗೆ ಜಾಲರಿ ಕೊರೆಸಿದೆವು. ಆದರೂ ನನಗೆ ಸಮಾಧಾನ ಆಗಲಿಲ್ಲ, ಅದೇ ವಾರ ಗೀಸರನ್ನು ಹಿಂದಿನ ಯುಟಿಲಿಟಿಯ ತೆರೆದ ಗೋಡೆಗೆ ಹಾಕಿಸಿ ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ಎಳೆಸಿದೆ. ಜಾಗ ಇದ್ದವರು ಹೀಗೇ ಮಾಡಿ.

ಎಣ್ಣೆ ಬಿಟ್ಟ ತಿಂಗಳನ್ನು ಫ್ಯಾನ್ ಫ್ರೇಮಿನ ಒಳಬದಿಗೆ ಮಾರ್ಕರ್‌ನಲ್ಲಿ ಬರೆದಿಡಿ. ಎರಡು ಮೂರು ತಿಂಗಳೊಳಗೆ ಅದೇ ಗೊರಗೊರ ತಿರುಗಿ ಬಂದರೆ ಮತ್ತೆ ಎಣ್ಣೆ ಹುಡುಕಬೇಡಿ, ಹೊಸ ಫ್ಯಾನ್ ತನ್ನಿ.