ಹಿನ್ನೀರಿನಲ್ಲಿ ಮೀನು ಕಡಿಮೆಯಾದಾಗ: ಹೊಸ ಬಲೆ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಲಿಂಗನಮಕ್ಕಿ, ಭದ್ರಾ ಅಥವಾ ಗಾಜನೂರಿನ ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕುವವರಿಗೆ, ಮೀನು ಕಡಿಮೆ ಸಿಕ್ಕ ವರ್ಷ ಮೊದಲು ತೋಚುವುದು ಇನ್ನಷ್ಟು ಬಲೆ ಬಿಡುವುದು, ಇಲ್ಲವೇ ಇನ್ನೂ ಸಣ್ಣ ಕಣ್ಣಿನ ಬಲೆ ತರುವುದು. ಎರಡೂ ಸ್ವಲ್ಪ ಕಾಲ ತಕ್ಕಡಿಯನ್ನು ತೂಗಿಸುತ್ತವೆ. ಮೀನು ನಿಜವಾಗಿ ಕಡಿಮೆಯಾಗಿದೆಯೇ ಎಂಬುದು ಮಾತ್ರ ಅವುಗಳಿಂದ ಮರೆಯಾಗಿಬಿಡುತ್ತದೆ. ಆದ್ದರಿಂದ ಹಣ ಹಾಕುವ ಮೊದಲು ಲೆಕ್ಕ ಹಿಡಿಯಬೇಕು.

ದಿನದ ಒಟ್ಟು ಕಿಲೋ ಬರೆದಿಟ್ಟರೆ ಸಾಲದು. ಎಷ್ಟು ಬಲೆ ಬಿಟ್ಟಿರಿ, ಅವು ಎಷ್ಟು ಹೊತ್ತು ನೀರಿನಲ್ಲಿದ್ದವು, ಯಾವ ಜಾತಿಯ ಮೀನು ಯಾವ ಗಾತ್ರದಲ್ಲಿ ಬಂತು, ಅಂದು ಜಲಾಶಯದ ಮಟ್ಟ ಎಷ್ಟಿತ್ತು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದು, ತಿಂಗಳ ಕೊನೆಗೆ ಒಂದು ಬಲೆಗೆ ಸರಾಸರಿ ಎಷ್ಟು ಬಿತ್ತೆಂದು ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮೀನು ಒತ್ತಟ್ಟಿಗೆ ಸೇರುವುದರಿಂದ ಬಲೆ ತುಂಬುತ್ತದೆ. ಹಾಗಾಗಿ ಈ ವರ್ಷದ ಏಪ್ರಿಲ್ಲನ್ನು ಹಿಂದಿನ ಏಪ್ರಿಲ್ಲಿನೊಂದಿಗೇ ಹೋಲಿಸಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ನಡೆಯುತ್ತಿದ್ದ ಕಾಡ್ ಎಂಬ ಸಮುದ್ರಮೀನಿನ ಮೀನುಗಾರಿಕೆ ಸಾಕ್ಷಿ. 1980ರ ದಶಕದಲ್ಲಿ ದಡದ ಸಣ್ಣ ದೋಣಿಯವರು ಮೀನು ಸಣ್ಣದಾಗುತ್ತಿದೆ, ಕಡಿಮೆಯಾಗುತ್ತಿದೆ ಎಂದು ದೂರುತ್ತಿದ್ದರು. ಆದರೆ ದೊಡ್ಡ ಟ್ರಾಲರುಗಳು (ಬಲೆ ಎಳೆಯುತ್ತಾ ಸಾಗುವ ಹಡಗುಗಳು) ಯಂತ್ರಗಳ ನೆರವಿನಿಂದ ಉಳಿದ ಹಿಂಡುಗಳನ್ನೇ ಹುಡುಕಿ ಹಿಡಿಯುತ್ತಿದ್ದುದರಿಂದ, ಅವು ಹಿಡಿದ ಮೀನಿನ ಲೆಕ್ಕವನ್ನು ನೆಚ್ಚಿದ ಅಂದಾಜುಗಳು ಸಮುದ್ರದಲ್ಲಿ ಬೇಕಾದಷ್ಟು ಮೀನಿದೆ ಎಂದೇ ತೋರಿಸಿದವು. ಕೊನೆಗೆ 1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಉಳಿದುಕೊಂಡವರಲ್ಲಿ ಅನೇಕರು ಏಡಿ, ಸಿಗಡಿಗಳತ್ತ ಹೊರಳಿದರು. ನಮ್ಮ ಹಿನ್ನೀರಿನಲ್ಲಿ ಹಾಗೆ ಹೊರಳಲು ಅಂಥ ಬೇರೆ ಫಸಲು ಇಲ್ಲ.

ಎರಡನೆಯ ಕೆಲಸ ಬಲೆಯ ಕಣ್ಣನ್ನು ನೀವೇ ಅಳೆಯುವುದು. ಬಲೆಯನ್ನು ನೆನೆಸಿ, ಹತ್ತು ಕಣ್ಣುಗಳನ್ನು ಸಾಲಾಗಿ ಬಿಗಿಯಾಗಿ ಎಳೆದು, ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗಿನ ಉದ್ದವನ್ನು ಹತ್ತರಿಂದ ಭಾಗಿಸಿದರೆ ನಿಜವಾದ ಅಳತೆ ಸಿಗುತ್ತದೆ. ಅಂಗಡಿಯ ಚೀಟಿಯನ್ನು ನಂಬಿ ಕೂರುವುದು ಬೇಡ. ಬಿತ್ತನೆಯಿಂದ, ಅಂದರೆ ಜಲಾಶಯಕ್ಕೆ ಮರಿ ತಂದು ಬಿಟ್ಟಿದ್ದರಿಂದ ಬಂದ ಕಾಟ್ಲಾ, ರೋಹು ಮರಿಗಳು ಅಂಗೈಯಗಲದಲ್ಲೇ ಬಲೆಗೆ ಬೀಳುತ್ತಿದ್ದರೆ, ಕಿಲೋಗೆ ಒಳ್ಳೆಯ ದರ ಬರುವ ಮೊದಲೇ ಮಾರಿದಂತಾಗುತ್ತದೆ.

ಊರಿನ ಮೀನುಗಳ ವಿಷಯ ಬೇರೆ. ಮುಂಗಾರಿನ ಮೊದಲ ನೀರಿಗೆ ಮೊಟ್ಟೆ ತುಂಬಿಕೊಂಡು ಹಳ್ಳ, ಗದ್ದೆಗಳಿಗೆ ಏರುವ ಹತ್ತುಮೀನನ್ನು ಕೂಣಿ (ಬಿದಿರಿನ ಮೀನುಬುಟ್ಟಿ) ಒಡ್ಡಿ ಹಿಡಿದರೆ ಮುಂದಿನ ಪೀಳಿಗೆಯೇ ಸಾರಿನ ಪಾತ್ರೆಗೆ ಸೇರುತ್ತದೆ. (ಮಲೆನಾಡಿನಲ್ಲಿ ಈ ಮಾತು ಯಾರಿಗೂ ರುಚಿಸದು; ಆದರೂ ಹೇಳಲೇಬೇಕು.) ಹಿಡಿದ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಕಂಡ ವಾರಗಳನ್ನು ಪುಸ್ತಕದಲ್ಲಿ ಗುರುತು ಹಾಕಿಡಿ, ಹಳ್ಳದ ಬಾಯಲ್ಲಿ ಬಲೆ ಕಟ್ಟಬಾರದ ದಿನಗಳನ್ನು ಮೀನುಗಾರರ ಸಂಘದ ಸಭೆಯಲ್ಲಿ ನಿರ್ಧರಿಸಲು ಅದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಬಿತ್ತನೆ ಮರಿಗಳು ಕನಿಷ್ಠ ಬೆರಳುದ್ದ, ಸುಮಾರು 10 ಸೆಂಟಿಮೀಟರ್ ಇರಲಿ. ಅದಕ್ಕಿಂತ ಚಿಕ್ಕವು ಕೊರವದಂಥ ಬೇಟೆಮೀನುಗಳ ಪಾಲಾಗುತ್ತವೆ. ಮರಿಗಳಿರುವ ಚೀಲವನ್ನು ತಂಪು ಹೊತ್ತಿನಲ್ಲಿ ಕಾಲು ಗಂಟೆ ಜಲಾಶಯದ ನೀರಿನಲ್ಲಿ ತೇಲಿಸಿ, ಒಳಗಿನ ಮತ್ತು ಹೊರಗಿನ ಬಿಸುಪು ಸಮನಾದ ಮೇಲೆ ಬಾಯಿ ಬಿಚ್ಚಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ.

ಪಂಜರ ಕೃಷಿಗೆ (ನೀರಿನಲ್ಲಿ ಬಲೆಯ ಪಂಜರ ಇಳಿಬಿಟ್ಟು ಅದರೊಳಗೆ ಮೀನು ಸಾಕುವುದಕ್ಕೆ) 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60ರ ಸಹಾಯಧನವನ್ನು ಗೊತ್ತುಮಾಡಿತ್ತು. ಈಗಿನ ನಿಯಮವನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಪಂಜರಕ್ಕಿಂತ ಮೇವಿನ ಖರ್ಚೇ ಕೊನೆಗೆ ಹೆಚ್ಚಾಗುವುದರಿಂದ, ಒಬ್ಬೊಬ್ಬರೇ ಇಳಿಯುವ ಬದಲು ಸಂಘದ ಮೂಲಕ ಹೋಗುವುದು ಲೇಸು. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಮೀನುಗಾರರಿಗೂ ದೊರೆಯುತ್ತದೆ. ಆ ಸಾಲ ಕೈಗೆ ಬಂದರೆ ಮೊದಲು ವ್ಯಾಪಾರಿಯ ಮುಂಗಡವನ್ನು ತೀರಿಸಿ, ಏಕೆಂದರೆ ಮುಂಗಡ ಬಾಕಿ ಇರುವವರೆಗೆ ಮೀನಿನ ದರವನ್ನು ಅವನೇ ಹೇಳುತ್ತಾನೆ.